ಮೂಗತ್ತೆಯೂ ಐಸ್‌ಕ್ರೀಮ್ ಪೆಟ್ಟಿಗೆಯೂ

ಅವಳಿಗೆ ಮೂಗತ್ತೆ ಎಂದು ಹೆಸರಿಟ್ಟವಳು ಸಿಗಾರ್ ಅಂಗಡಿಯ ಯಜಮಾನರ ಮಗಳು, ಅದೂ ಐದು ವರ್ಷದವಳಾಗಿದ್ದಾಗ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಾಕೆ ದಿನವಿಡೀ ಸಿಗಾರ್ ಕಟ್ಟುಗಳನ್ನು ಮೂಗಿಗೆ ಹಿಡಿದುಕೊಂಡು ಕೂತಿರುವುದನ್ನು ಕಂಡ ಆ ಮಗು ಅವಳನ್ನು 'ಮೂಗಿನ ಅತ್ತೆ' ಎಂದಿತು. ಬಾಯಿಂದ ಬಾಯಿಗೆ ಸವೆದು ಅದು ಮೂಗತ್ತೆಯಾಯಿತು. ಹೆಸರು ಕೇಳಿದ ಹೊಸಬರು, ಅಯ್ಯೋ ಪಾಪ, ಮಾತು ಬಾರದ ಹೆಂಗಸು ಎಂದುಕೊಳ್ಳುತ್ತಿದ್ದರು. ಆ ಭ್ರಮೆ ಹೆಚ್ಚೆಂದರೆ ಅರ್ಧ ನಿಮಿಷ ಬಾಳುತ್ತಿತ್ತು. ಮೂಗತ್ತೆ ಮಾತಿಗಿಳಿದಳೆಂದರೆ ಎದುರಿನವರು ಕೂರಲು ಕುರ್ಚಿ ಹುಡುಕಿಕೊಳ್ಳಬೇಕಾಗುತ್ತಿತ್ತು.

ಕೆಲಸದ ಹೊತ್ತಿನಲ್ಲಿ ಮಾತ್ರ ಆ ಬಾಯಿಗೆ ಬೀಗ. ಮಾತಾಡಿದರೆ ಉಸಿರೆಲ್ಲ ಬಾಯಲ್ಲೇ ಖರ್ಚಾಗುತ್ತದೆ, ಮೂಗಿಗೆ ಏನು ಉಳಿಯುತ್ತದೆ ಎಂಬುದು ಅವಳ ವಾದ. ಹಿಂದಿನ ಕೋಣೆಯ ಮೂರು ಗೋಡೆಗಳಿಗೂ ನೆಲದಿಂದ ಸೂರಿನವರೆಗೆ ದೇವದಾರು ಹಲಗೆಯ ಗೂಡುಗಳು, ಮೂಲೆಯಲ್ಲೊಂದು ಅಗಲವಾದ ನೀರಿನ ತಟ್ಟೆ, ಬಾಗಿಲ ಪಕ್ಕ ಗಾಳಿಯ ತೇವ ತೋರಿಸುವ ಗಡಿಯಾರದಂಥ ಮೀಟರು. ಹೊಸ ಸರಕು ಬಂದರೆ ಅವಳು ಒಂದೊಂದೇ ಕಟ್ಟು ಬಿಚ್ಚಿ, ತುಟಿ ಬಿಗಿದು, ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಮೂಸುತ್ತಿದ್ದಳು. ಆಮೇಲೆ ತೀರ್ಪು.

"ಇದರಲ್ಲಿ ಒದ್ದೆ ಕೊಡೆ ಇದೆ" ಎಂದರೆ ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಅವಳಿಗೆ ಸಿಕ್ಕಿಬಿದ್ದಿದೆ ಎಂದರ್ಥ. "ಇದರಲ್ಲಿ ಲಾರಿಯವನ ತಲೆ ಎಣ್ಣೆ ಇದೆ" ಎಂದರೆ ಆ ಮನುಷ್ಯ ದಾರಿಯಲ್ಲಿ ಆ ಕಟ್ಟನ್ನೇ ದಿಂಬು ಮಾಡಿಕೊಂಡು ಮಲಗಿದ್ದ. ಯಜಮಾನರೂ ಮೂಸುತ್ತಿದ್ದರು, ಗಿರಾಕಿಗಳೂ ಮೂಸುತ್ತಿದ್ದರು, ಯಾರಿಗೂ ಕೊಡೆಯೂ ಸಿಗುತ್ತಿರಲಿಲ್ಲ, ಎಣ್ಣೆಯೂ ಸಿಗುತ್ತಿರಲಿಲ್ಲ. "ಮೂಗತ್ತೆ ಅಂದ ಮೇಲೆ ಮುಗೀತು" ಎಂದು ಯಜಮಾನರು ಕಟ್ಟನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡನೂ ಅಷ್ಟೆ. ಪಕ್ಕದ ಮನೆಯವರು ಗೋಡೆಗೆ ಹೊಸ ಬಣ್ಣ ಬಳಿಸುತ್ತಿದ್ದಾರೆ, ನೀಲಿ ಇರಬೇಕು ಎಂದು ಇವಳು ಹೇಳಿದರೆ, ಆತ ಕಣ್ಣಿಗಿಟ್ಟ ಭೂತಗನ್ನಡಿ ತೆಗೆಯದೆ "ಇರಬಹುದು" ಎನ್ನುತ್ತಿದ್ದ. ಜನ ಅವಳನ್ನು ನಂಬುತ್ತಿದ್ದರು, ಅದಕ್ಕೇನೂ ಕೊರತೆಯಿರಲಿಲ್ಲ. ಆದರೆ ತನಗೆ ಬಂದದ್ದು ಇನ್ನೊಬ್ಬರಿಗೂ ಬಂತು ಎಂಬ ಸುಖ ಮಾತ್ರ ಮೂವತ್ತೊಂದು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅಂದಹಾಗೆ, ಅವಳು ಒಂದು ದಿನವೂ ಸಿಗಾರ್ ಸೇದಿದವಳಲ್ಲ. ಸುಡೋದಕ್ಕಾ ಇಷ್ಟು ಜೋಪಾನ ಮಾಡೋದು ಎಂದು ಬೇಕಾದರೆ ಗಿರಾಕಿಗಳ ಮುಖಕ್ಕೇ ಹೇಳುತ್ತಿದ್ದಳು.

ಹೀಗಿರುವಾಗ ಕಟ್ಟಡದ ಮಾಲೀಕ ಹಿಂದಿನ ಕೋಣೆ ತನಗೆ ಬೇಕು, ತಿಂಗಳ ಕೊನೆಗೆ ಬಿಟ್ಟುಕೊಡಿ ಎಂದ. ಯಜಮಾನರಿಗೆ ಮೊಣಕಾಲು ನೋವು, ಮನೆಯಿಂದ ಹೊರಡುವುದೇ ಕಷ್ಟ. ಅದೇ ಹೊತ್ತಿಗೆ ಅವರ ಅಳಿಯನ ಐಸ್‌ಕ್ರೀಮ್ ವ್ಯಾಪಾರ ಕರಗಿಹೋಗಿತ್ತು. ಅಳಿಯ ದೂರದೂರಿನಿಂದ ಹೆಂಡತಿಯೊಡನೆ ಬಂದಿಳಿದ, ಜೊತೆಗೆ ಐದಡಿ ಉದ್ದದ ಒಂದು ಐಸ್‌ಕ್ರೀಮ್ ಪೆಟ್ಟಿಗೆಯನ್ನೂ ತಂದ. ಮೋಟಾರು ಸತ್ತಿತ್ತು, ಮುಚ್ಚಳ ಮಾತ್ರ ಗಾಳಿಯಾಡದಷ್ಟು ಬಿಗಿ. ಇದರೊಳಗೆ ದೇವದಾರು ಹಲಗೆ ಹಾಸಿ, ತೇವಕ್ಕೆ ನೀರಿಟ್ಟು, ಒಂದು ಮೀಟರು ತಗುಲಿಸಿದರೆ ಕೋಣೆಯೇ ಬೇಡ ಎಂಬುದು ಅವನ ಯೋಜನೆ. ಯೋಜನೆಯೇನೋ ಚೆನ್ನಾಗಿತ್ತು, ಆದರೆ ಮುಚ್ಚಳ ತೆಗೆದರೆ ಪ್ಲಾಸ್ಟಿಕ್ ನಾತ ಗಪ್ಪೆಂದು ಮುಖಕ್ಕೆ ಬಡಿಯುತ್ತಿತ್ತು. ಮೋಟಾರು ಸತ್ತಂದಿನಿಂದ ಎರಡು ವರ್ಷ ಮುಚ್ಚಿಟ್ಟಿದ್ದ ಪೆಟ್ಟಿಗೆ. ಸಿಗಾರ್ ಎಲೆ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ, ಒಮ್ಮೆ ಹೀರಿದ್ದನ್ನು ಬಿಟ್ಟುಕೊಡುವುದಿಲ್ಲ. ಅದರಲ್ಲಿ ಒಂದು ವಾರ ಇಟ್ಟರೆ ಇದ್ದ ಸರಕೆಲ್ಲ ತಿಪ್ಪೆಪಾಲು.

ಯಜಮಾನರು ಸೋಮವಾರ ಅಳಿಯನನ್ನು ಕರೆತಂದು ಬಾಗಿಲಲ್ಲೇ ನಿಂತು ಹೇಳಿದರು: "ಶನಿವಾರ ಬಂದು ನೋಡ್ತೀನಿ. ವಾಸನೆ ಹೋಗಿದ್ರೆ ಪೆಟ್ಟಿಗೇನೇ ಇಟ್ಕೊಳ್ಳೋಣ, ಉಗ್ರಾಣ ನಿಮ್ಮ ಕೈಗೆ. ಹೋಗದಿದ್ರೆ ಪಕ್ಕದ ಬೀದೀಲಿ ಕೋಣೆ ನೋಡಿದೀನಿ. ನೀವು ಬೇರೆ ದಾರಿ ನೋಡ್ಕೊಳ್ಳಿ. ಇವಳೇ ನಮ್ಮ ಮೂಗತ್ತೆ." ಇಷ್ಟು ಹೇಳಿ, ಕೋಲೂರಿಕೊಂಡು ಹೊರಟೇಬಿಟ್ಟರು.

ಮೂಗತ್ತೆಯ ಮೂಗು ಆಗ ಒಂದು ಕಟ್ಟಿನೊಳಗಿತ್ತು. ಅವಳು ತುಟಿ ಬಿಗಿದುಕೊಂಡೇ ತಲೆಯಾಡಿಸಿದಳು. ಅಳಿಯನ ಮುಖದಲ್ಲಿ ಕನಿಕರ ಉಕ್ಕಿ ಬಂತು. ಅವಳನ್ನು ಅವನು ಹಿಂದೆ ನೋಡಿರಲಿಲ್ಲ. ಹೆಂಡತಿ ಬಾಯ್ತುಂಬ ಮೂಗತ್ತೆ ಮೂಗತ್ತೆ ಎನ್ನುತ್ತಿದ್ದಳೇ ಹೊರತು ಆಕೆಗೆ ಮಾತು ಬರುತ್ತದೆ ಎಂದು ಬಿಡಿಸಿ ಹೇಳುವ ಪ್ರಮೇಯ ಅವಳಿಗೆ ಬಂದಿರಲಿಲ್ಲ. ಅಳಿಯ ಎರಡೂ ಕೈ ಎತ್ತಿ ಗಾಳಿಯಲ್ಲಿ ಪೆಟ್ಟಿಗೆ ಬರೆದ, ಮೂಗು ಹಿಡಿದು ಮುಖ ಕಿವುಚಿದ, ಆಮೇಲೆ ತನ್ನ ಎದೆ ಮುಟ್ಟಿಕೊಂಡು ಬಟ್ಟೆ ಒಗೆಯುವವರ ಹಾಗೆ ಅಭಿನಯಿಸಿದ. ನಾನು ತೊಳೆಯುತ್ತೇನೆ ಎಂದು ಅದರ ಅರ್ಥ.

ಮೂಗತ್ತೆಗೆ ನಗು ತಡೆಯಲಾಗಲಿಲ್ಲ. ಆದರೂ ತಡೆದಳು. ನೋಡೋಣ, ಇವನ ನಾಟಕ ಎಲ್ಲಿವರೆಗೆ ಹೋಗುತ್ತದೆ ಎಂಬ ತುಂಟತನ ಅವಳನ್ನು ಹಿಡಿಯಿತು. ಸಂಜೆವರೆಗೆ ಕೈಬಾಯಿ ಸನ್ನೆಯಲ್ಲೇ ದಿನ ಕಳೆಯಿತು. ಮಾತು ಬಾರದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂಬುದು ಅಳಿಯನ ಸ್ವಂತ ತೀರ್ಮಾನ. ಅವನು ಪೆಟ್ಟಿಗೆಯ ತಳದ ತೂತಿಗೆ ಹೊಸ ಬಿರಟೆ ಒತ್ತಿ, ನಿಂಬೆ ಪರಿಮಳದ ಸಾಬೂನು ನೀರು ಸುರಿದು, ಏದುಸಿರು ಬಿಡುತ್ತಾ ತಿಕ್ಕಿದ, ಒರೆಸಿದ, ಭದ್ರವಾಗಿ ಮುಚ್ಚಳ ಹಾಕಿದ. ಒಂದು ಗಂಟೆ ಬಿಟ್ಟು ತೆಗೆದರೆ ಅದೇ ನಾತ, ಈಗ ನಿಂಬೆಯ ಜೊತೆಗೆ.

ಮಂಗಳವಾರ ಮಧ್ಯಾಹ್ನ ಅವನು ಪೆಟ್ಟಿಗೆಯ ಅಂಚಿನ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದ. ಎರಡು ಮಾರು ದೂರದಲ್ಲಿ ಮೂಗತ್ತೆ ಕಟ್ಟುಗಳನ್ನು ಜೋಡಿಸುತ್ತಿದ್ದಳು.

"ಇಲ್ಲ ಕಣೇ, ಇನ್ನೂ ಹೋಗಿಲ್ಲ. ನಾಲ್ಕು ಸಲ ತೊಳೆದೆ. ಶನಿವಾರ ನಿಮ್ಮಪ್ಪ ಮುಚ್ಚಳ ತೆಗೆದ ಕೂಡ್ಲೇ ನನ್ನ ಕಥೆ ಮುಗೀತು. ಕರಗೋ ವ್ಯಾಪಾರ ಮಾಡ್ದವನು ಅಂತ ಈಗ್ಲೇ ಅಂತಾರೆ... ಸರಿ, ಹೋಯ್ತು ಅಂತಾನೇ ಇಟ್ಕೋ. ಆಮೇಲೆ ಒಂದು ಪೆಟ್ಟಿಗೆ, ಒಂದು ಮೀಟರು, ನಾನು. ಮೂಗತ್ತೆಗೆ ಏನು ಕೆಲಸ ಉಳಿಯುತ್ತೆ ಹೇಳು? ಕಳಿಸಲೇಬೇಕಾಗುತ್ತೆ... ನಾನು ಹೆಂಗೆ ಹೇಳ್ಲಿ? ನೀನೇ ಹೇಳು ನಿಮ್ಮಪ್ಪನಿಗೆ... ಅಳಬೇಡ್ವೇ. ನನಗೇನು ಖುಷಿನಾ?"

ಮೂಗತ್ತೆ ಕೈಯಲ್ಲಿದ್ದ ಕಟ್ಟನ್ನು ಗೂಡಿನಲ್ಲಿಟ್ಟು, ಅದನ್ನೇ ಮತ್ತೆ ತೆಗೆದು, ಮತ್ತೆ ಅಲ್ಲೇ ಇಟ್ಟಳು. ಈಗ ತುಂಟತನಕ್ಕಲ್ಲ, ನಿಜಕ್ಕೂ ಅವಳಿಗೆ ಮಾತು ಬರಲಿಲ್ಲ.

ಮನೆಗೆ ಬಂದವಳೇ ಗಂಡನ ಮುಂದೆ ಎಲ್ಲ ಸುರಿದಳು. ಆತ ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

"ಪೆಟ್ಟಿಗೆ ವಾಸನೆ ಹೋಗುತ್ತಾ?" ಎಂದು ಕೇಳಿದ.

"ಅವನು ಮಾಡೋ ರೀತಿಗೆ ಹತ್ತು ಜನ್ಮ ಎತ್ತಿ ಬಂದ್ರೂ ಹೋಗಲ್ಲ. ತೊಳೀತಾನೆ, ಮುಚ್ಚಿಡ್ತಾನೆ! ಮುಚ್ಚಿಟ್ರೆ ಅದು ಎಲ್ಲಿಗೆ ಹೋಗಬೇಕು? ಅದರ ಮೇಲೆ ನಿಂಬೆ ಬೇರೆ!"

"ಹಾಗಾದ್ರೆ ನೀನು ಸುಮ್ನಿರು. ಶನಿವಾರದವರೆಗೆ ತಾನೇ? ಅವನು ಸೋಲ್ತಾನೆ, ನಿನ್ನ ಕೆಲಸ ಉಳಿಯುತ್ತೆ."

"ಸುಮ್ನಿರೋದಾ?"

"ಕಷ್ಟ. ಮೂವತ್ತೈದು ವರ್ಷದಿಂದ ನೋಡ್ತಿದೀನಿ" ಎಂದು ಆತ ಮತ್ತೆ ಗಡಿಯಾರದೊಳಕ್ಕೆ ಇಳಿದ.

ಆತ ಹೇಳಿದ್ದು ಸರಿಯಾಗೇ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವಳು ಏನೂ ಮಾಡಬೇಕಿರಲಿಲ್ಲ. ಬುಧವಾರ ಬೆಳಿಗ್ಗೆ ಹಾಗೇ ನಿಶ್ಚಯಿಸಿಕೊಂಡು ಅಂಗಡಿಗೆ ಹೋದಳು. ಅಳಿಯ ಅದಾಗಲೇ ಬಂದು ಐದನೇ ಸಲ ತೊಳೆದು ಮುಗಿಸಿದ್ದ. ಕಣ್ಣು ಕೆಂಪಗಾಗಿತ್ತು, ಬೆರಳ ತುದಿಗಳು ನೀರಿನಲ್ಲಿ ನೆನೆದು ಬಿಳುಚಿಕೊಂಡಿದ್ದವು. ಪೆಟ್ಟಿಗೆಯ ನಡುವೆ ಅನಾನಸ್ ಪರಿಮಳದ ಹಳದಿ ಬಿಲ್ಲೆಯೊಂದನ್ನು ಇಟ್ಟು, ಎರಡೂ ಕೈಯಲ್ಲಿ ಮುಚ್ಚಳ ಹಿಡಿದು ಕೆಳಗಿಳಿಸತೊಡಗಿದ. ಬಚ್ಚಲಲ್ಲಿ ಇಡುವಂಥ ಬಿಲ್ಲೆ! ಸಿಗಾರ್ ಇಡುವ ಜಾಗದಲ್ಲಿ! ಮೂಗತ್ತೆಯ ನಿಶ್ಚಯ ಅಲ್ಲಿಗೆ ಮಣ್ಣುಪಾಲಾಯಿತು.

"ಮುಚ್ಚಬೇಡ್ರೀ!" ಎಂದು ಕೂಗಿದಳು. "ಮುಚ್ಚಿಟ್ಟು ಮುಚ್ಚಿಟ್ಟು ಆ ನಾತಾನ ಬೇಯಿಸ್ತಿದೀರಲ್ಲ, ಅದು ಹೋಗೋದು ಹೆಂಗೆ? ತೆಗೀರಿ ಆ ದರಿದ್ರದ ಬಿಲ್ಲೆ!"

ಮುಚ್ಚಳ ಅವನ ಕೈಜಾರಿ ಧಡ್ ಎಂದು ಬಿತ್ತು. ಕೂದಲೆಳೆಯಲ್ಲಿ ಬೆರಳು ಉಳಿದವು. ಅಳಿಯ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುವುದನ್ನೂ ಮರೆತು ಬಾಯಿ ತೆರೆದುಕೊಂಡು ನಿಂತ.

"ನಿಮಗೆ... ಮಾತು..."

"ಬರುತ್ತೆ. ಬೇಕಾದಷ್ಟು ಬರುತ್ತೆ. ನಿಮ್ಮ ಹೆಂಡ್ತಿನೇ ಮೂಗಿನ ಅತ್ತೆ ಅಂತ ಹೆಸರಿಟ್ಟಿದ್ದು, ಹೋಗಿ ಕೇಳಿ."

"ಹಾಗಾದ್ರೆ ನಿನ್ನೆ... ಫೋನಲ್ಲಿ..."

"ಕಿವೀನೂ ಚೆನ್ನಾಗಿದೆ ಅಳಿಯಂದ್ರೇ."

ಅವನು ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕುಸಿದು ಕೂತ. ಅವಳಿಗೆ ಸಿಟ್ಟು ಇರಲಿಲ್ಲವೆಂದಲ್ಲ, ಹೊಟ್ಟೆತುಂಬ ಇತ್ತು. ಆದರೆ ಎದುರಿಗೆ ಒಂದು ಕೆಲಸ ಹಾಳಾಗುತ್ತಿರುವಾಗ ಸಿಟ್ಟಿಗೆ ಪುರುಸೊತ್ತು ಕೊಡುವ ಜಾಯಮಾನ ಅವಳದಲ್ಲ.

"ಅದೆಲ್ಲ ಆಮೇಲೆ. ಮೊದಲು ಇದನ್ನ ಹಿತ್ತಿಲಿಗೆ ಎಳೀರಿ. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಇದೆಯಲ್ಲ, ಅದನ್ನ ಕಿತ್ತು ತೆಗೀರಿ. ಅಡುಗೆ ಸೋಡಾ ತನ್ನಿ, ಬಿಳೀ ವಿನೆಗರ್ ತನ್ನಿ, ಹಳೇ ಪೇಪರ್ ತನ್ನಿ, ಇದ್ದಿಲು ತನ್ನಿ. ಪರಿಮಳ ಇರೋ ಯಾವ ವಸ್ತುವೂ ಈ ಬಾಗಿಲು ದಾಟಬಾರದು. ನಿಮ್ಮ ತಲೆಗೆ ಏನು ಮೆತ್ಕೊಂಡಿದೀರಿ?"

"ಜೆಲ್ಲು."

"ನಾಳೆಯಿಂದ ಅದೂ ಬೇಡ."

ಅಂದಿನಿಂದ ಕೆಲಸ ಹಳಿಗೆ ಬಿತ್ತು. ಸೋಡಾವನ್ನು ನೀರಲ್ಲಿ ಕಲಸಿ ಗಟ್ಟಿ ಹಿಟ್ಟಿನ ಹಾಗೆ ಮಾಡಿ ಪೆಟ್ಟಿಗೆಯ ಒಳಮೈಗೆಲ್ಲ ಬಳಿದರು, ಒಣಗಿದ ಮೇಲೆ ಬರೀ ನೀರಲ್ಲಿ ತೊಳೆದರು. ರಬ್ಬರ್ ಪಟ್ಟಿಯನ್ನು ವಿನೆಗರ್ ನೀರಲ್ಲಿ ನೆನೆಸಿಟ್ಟು, ಅದರ ಮಡಿಕೆಯೊಳಗೆ ಹೆಪ್ಪುಗಟ್ಟಿದ್ದ ಹಳೇ ಐಸ್‌ಕ್ರೀಮನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಒಣಗಿಸಿ ಮತ್ತೆ ಮುಚ್ಚಳಕ್ಕೆ ಕೂರಿಸಿದರು. ಬೆಳಿಗ್ಗೆಯಿಂದ ಸಂಜೆವರೆಗೆ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿತ್ತು, ಬಿಸಿಲಿಗೆ ಒಳಗಿನ ನಾತ ಮೇಲೆದ್ದು ಗಾಳಿಗೆ ಹೋಗುತ್ತಿತ್ತು. ಸಂಜೆ ಒಳಗೆಳೆದು, ಮುದ್ದೆ ಮಾಡಿದ ಪೇಪರನ್ನೂ ಬುಟ್ಟಿ ತುಂಬ ಇದ್ದಿಲನ್ನೂ ಅದರೊಳಗಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಪೇಪರು ಹೊಸದು. ಹಳೇ ಗೂಡುಗಳಿಂದ ಬಿಚ್ಚಿದ ಹಲಗೆಗಳನ್ನು ಅಳಿಯ ಅಳತೆಗೆ ಸರಿಯಾಗಿ ಕೊಯ್ದು ಒಳಗೆ ಹಾಸಿದ. ಐಸ್‌ಕ್ರೀಮ್ ಮಾರುವುದಕ್ಕಿಂತ ಮರದ ಕೆಲಸ ಅವನಿಗೆ ಚೆನ್ನಾಗಿ ಒಗ್ಗಿತ್ತು. ಮೂಗತ್ತೆ ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದಳು. ಬಟ್ಟಿ ಇಳಿಸಿದ ನೀರಲ್ಲಿ ಬಟ್ಟೆ ಅದ್ದಿ ಹಲಗೆಗಳನ್ನು ಒರೆಸಿ ಒರೆಸಿ, ಅವು ತೇವ ಹಿಡಿದುಕೊಳ್ಳುವ ಹಾಗೆ ಪೆಟ್ಟಿಗೆಯನ್ನು ಪಳಗಿಸಿದರು.

ನಡುನಡುವೆ ಅವಳು ಅವನಿಗೆ ಮೂಸಲು ಹೇಳಿಕೊಡುತ್ತಿದ್ದಳು.

"ಬಾಯಿ ಮುಚ್ಚಿ. ಎರಡು ಸಲ ಚಿಕ್ಕದು. ಆಮೇಲೆ ಒಂದು ಉದ್ದ. ಉದ್ದದ ಬಾಲದಲ್ಲಿ ಇರುತ್ತೆ ವಿಷಯ. ಏನು ಬಂತು?"

"ಏನೂ ಇಲ್ಲ ಅತ್ತೆ."

"ಇದೆ. ಹೊಸ ಮಳೆಕೋಟು. ಮೊನ್ನೆಗಿಂತ ಕಮ್ಮಿ, ಆದ್ರೂ ಇದೆ."

"ಇರಬಹುದು" ಎನ್ನುತ್ತಿದ್ದ ಅಳಿಯ, ಥೇಟ್ ಅವಳ ಗಂಡನ ದನಿಯಲ್ಲಿ. ಅವಳು ನಿಟ್ಟುಸಿರುಬಿಟ್ಟು ಪೇಪರು ಬದಲಾಯಿಸುತ್ತಿದ್ದಳು.

ಶುಕ್ರವಾರ ಸಂಜೆ ಅವಳು ಮನೆಯಿಂದ ತಂದಿದ್ದ ಉಪ್ಪಿಲ್ಲದ ಬೆಣ್ಣೆಯ ಉಂಡೆಯನ್ನು ಗಾಜಿನ ತಟ್ಟೆಯಲ್ಲಿ ಪೆಟ್ಟಿಗೆಯೊಳಗಿಟ್ಟಳು. "ವಾಸನೆ ಹಿಡಿಯೋದ್ರಲ್ಲಿ ಬೆಣ್ಣೆಗಿಂತ ದೊಡ್ಡ ಚಾಡಿಕೋರ ಇನ್ನೊಂದಿಲ್ಲ. ಪೆಟ್ಟಿಗೇಲಿ ಏನಿದ್ರೂ ಬೆಳಿಗ್ಗೆ ಹೇಳಿಬಿಡುತ್ತೆ. ಈಗ ಮುಚ್ಚಿ" ಎಂದಳು. ಅಳಿಯ ಮುಚ್ಚಳ ಹಾಕಿ ಅದರ ಮೇಲೆ ಎರಡೂ ಅಂಗೈ ಊರಿದ. ನಂತರ ತಲೆ ತಗ್ಗಿಸಿಯೇ ಕೇಳಿದ:

"ಅತ್ತೆ, ಇದು ಸರಿಹೋದ್ರೆ ನಿಮ್ಮ ಕೆಲಸ ಹೋಗುತ್ತೆ. ಗೊತ್ತಿದ್ದೂ ಯಾಕೆ ಹೇಳಿಕೊಟ್ರಿ?"

"ತಪ್ಪಾಗಿ ಮಾಡ್ತಿದ್ರಲ್ಲ, ಅದಕ್ಕೆ" ಎಂದಳು ಮೂಗತ್ತೆ.

ಶನಿವಾರ ಹತ್ತು ಗಂಟೆಗೆ ಯಜಮಾನರು ಬಂದು ಸ್ಟೂಲಿನ ಮೇಲೆ ಕಾಲು ಚಾಚಿ ಕೂತರು. ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವಂಥದ್ದೇನೂ ಬರಲಿಲ್ಲ, ದೇವದಾರಿನ ತೆಳು ಘಮವಷ್ಟೇ ಬಂತು. ಅವರ ಹುಬ್ಬು ಮೇಲೇರಿತು. ಅಳಿಯ ಬೆಣ್ಣೆಯ ತಟ್ಟೆಯನ್ನು ತೆಗೆದು ಮೂಗತ್ತೆಯ ಕೈಗಿಟ್ಟ.

ಅವಳು ತುಟಿ ಬಿಗಿದಳು. ಎರಡು ಚಿಕ್ಕದು. ಬೆಣ್ಣೆ, ಮರ. ಒಂದು ಉದ್ದ. ಬೆಣ್ಣೆ, ಮರ, ಇದ್ದಿಲಿನ ತಣ್ಣನೆ ಧೂಳು. ಮಳೆಕೋಟು ಪೂರ್ತಿ ಹೋಗಿತ್ತು. ಅವಳು ಇನ್ನೇನು ಹಿಗ್ಗಬೇಕು ಎನ್ನುವಷ್ಟರಲ್ಲಿ ಆ ಉಸಿರಿನ ಕಟ್ಟಕಡೆಯಲ್ಲಿ ಇನ್ನೊಂದು ಎಳೆ ಸಿಕ್ಕಿತು. ಅಂಗಡಿಯಿಂದ ಆಗಷ್ಟೇ ತಂದ ಪುಟ್ಟ ಕೆಂಪು ಚೆಂಡನ್ನು ಮೂಗಿನ ಹತ್ತಿರ ಹಿಡಿದು ಒತ್ತಿದರೆ ಬರುವ ಗಾಳಿ. ಎಲ್ಲಿಂದ ಬಂತೋ ಗೊತ್ತಾಗಲಿಲ್ಲ, ಆದರೆ ಇತ್ತು.

ಇಲ್ಲ ಎಂದುಬಿಟ್ಟರೆ ಅಳಿಯ ಗೆದ್ದ, ಅವಳು ಮನೆಗೆ, ಸರಕು ಹಾಳು. ಇದೆ ಎಂದರೆ ಅವಳ ಜಾಗ ಭದ್ರ, ಮೂರು ದಿನ ಬೆನ್ನು ಮುರಿದು ದುಡಿದ ಈ ಮನುಷ್ಯ ಬೀದಿಗೆ. ಅವನು ಏನೆಂದುಕೊಳ್ಳುತ್ತಾನೆ ಎಂಬುದೂ ಅವಳಿಗೆ ತಿಳಿದಿತ್ತು: ಕೊನೆಗೂ ಸೇಡು ತೀರಿಸಿಕೊಂಡಳು. ಅವಳ ಸಂಕಟ ಹೇಳತೀರದು. ಆದರೆ ಮೂಗಿಗೆ ಬಂದದ್ದನ್ನು ಬಂದಿಲ್ಲ ಎಂದು ಹೇಳಲು ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ.

"ಇದೆ" ಎಂದಳು.

ಅಳಿಯ ಸರಕ್ಕನೆ ಅವಳ ಕಡೆ ತಿರುಗಿದ.

"ನಿಮ್ಮ ಮೇಲಿನ ಸಿಟ್ಟಿಗೆ ಹೇಳ್ತಿಲ್ಲ ಅಳಿಯಂದ್ರೇ. ಆಣೆ ಮಾಡಿ ಹೇಳ್ತೀನಿ."

"ಸಿಟ್ಟು ಯಾಕೆ?" ಎಂದರು ಯಜಮಾನರು. ಉತ್ತರಕ್ಕೂ ಕಾಯದೆ ಅವರು ತಟ್ಟೆ ಇಸಕೊಂಡು ತಾವೂ ಮೂಸಿದರು. "ನನಗೇನೂ ಬರ್ತಿಲ್ಲಪ್ಪ. ಏನದು, ಯಾವ ವಾಸನೆ?"

ಮೂಗತ್ತೆ ಹೇಳಲು ಬಾಯಿ ತೆರೆದಳು. ಅಳಿಯ ಕೈಯೆತ್ತಿ ತಡೆದ.

"ಒಂದು ನಿಮಿಷ ಅತ್ತೆ. ಹೇಳಬೇಡಿ. ಮಾವ, ತಟ್ಟೆ ಕೊಡಿ ಇಲ್ಲಿ."

ಅವನಿಗೆ ಆಗ ದಾರಿ ಸುಲಭವಿತ್ತು. ನನಗೂ ಏನೂ ಬರ್ತಿಲ್ಲ ಎಂದಿದ್ದರೆ ಸಾಕು, ಒಂದು ಮೂಗಿನ ಎದುರು ಎರಡು ಮೂಗಾಗುತ್ತಿತ್ತು. ಅವನು ಕಣ್ಣು ಮುಚ್ಚಿದ, ತುಟಿ ಬಿಗಿದ. ಎರಡು ಚಿಕ್ಕದು, ಒಂದು ಉದ್ದ. ಇನ್ನೊಮ್ಮೆ. ಹಿತ್ತಿಲಲ್ಲಿ ಯಾರೋ ಬಕೆಟ್ಟು ಎಳೆಯುತ್ತಿದ್ದುದು ಕೇಳಿಸುತ್ತಿತ್ತು. ಮೂರನೇ ಸಲ ಉಸಿರೆಳೆದವನು ಹಾಗೇ ನಿಂತುಬಿಟ್ಟ. ಹುಬ್ಬು ಗಂಟಿಕ್ಕಿತು.

"ಇದೆ ಮಾವ" ಎಂದ. "ಅತ್ತೆ ಹೇಳಿದ್ದು ನಿಜ. ಆದ್ರೆ ಇದು ಮೊದಲಿದ್ದ ವಾಸನೆ ಅಲ್ಲ. ಇದು... ಹೊಸ ಚೆಂಡು ಇರುತ್ತಲ್ಲ, ರಬ್ಬರ್ ಚೆಂಡು, ಒತ್ತಿದ್ರೆ ಒಂದು ಗಾಳಿ ಬರುತ್ತಲ್ಲ, ಅದು." ಅಷ್ಟು ಹೇಳಿ ಕಣ್ಣು ಬಿಟ್ಟವನೇ ಹಣೆ ಚಚ್ಚಿಕೊಂಡ. "ಬಿರಟೆ! ಸೋಮವಾರ ನಾನೇ ಹೊಸ ರಬ್ಬರ್ ಬಿರಟೆ ತಂದು ಹಾಕಿದ್ದು!"

ಪೆಟ್ಟಿಗೆಯೊಳಗೆ ಅರ್ಧ ಮುಳುಗಿ ತಳದ ಹಲಗೆ ಎತ್ತಿ ಬಿರಟೆ ಕಿತ್ತು ಮೇಲೆ ಬಂದ. ಯಜಮಾನರು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ತನಗೇ ನಷ್ಟವಾಗುವ ಮಾತನ್ನು ಇವನು ಹೀಗೆ ನೇರವಾಗಿ ಆಡಬಲ್ಲನೆಂದು ಅವರು ಎಣಿಸಿರಲಿಲ್ಲ.

"ಬೆಂಡಿನ ಬಿರಟೆ ಹಾಕಿ. ಸೋಮವಾರದವರೆಗೆ ಗಾಳಿಗಿಡಿ" ಎಂದರು. "ಶನಿವಾರ ಅಂದಿದ್ದನ್ನ ಸೋಮವಾರ ಅಂತ ಇಟ್ಕೊಳ್ಳೋಣ. ಆಮೇಲೆ ಈ ಪೆಟ್ಟಿಗೆ ಯಾರ ಕೈಯಲ್ಲಿರಬೇಕು, ನೀವೇ ಹೇಳಿ."

"ಮೀಟರು ತೇವ ತೋರಿಸುತ್ತೆ ಮಾವ, ಚೆಂಡು ತೋರಿಸಲ್ಲ. ಅತ್ತೆ ಇರಲೇಬೇಕು. ಅವರ ಕೈಕೆಳಗೆ ನಾನಿರ್ತೀನಿ."

ಯಜಮಾನರು ಆಗಲಿ ಎಂದು ತಲೆಯಾಡಿಸಿ ಮೂಗತ್ತೆಯ ಕಡೆ ತಿರುಗಿದರು. ಅವಳು ಅವರನ್ನು ನೋಡುತ್ತಿರಲಿಲ್ಲ. ಕೆಲಸ ಉಳಿಯಿತೆಂಬುದೂ ಅವಳ ತಲೆಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವಳು ಅಳಿಯನ ಮೂಗನ್ನೇ ದಿಟ್ಟಿಸುತ್ತಿದ್ದಳು.

"ಚೆಂಡು ಅಂದ್ರಲ್ಲ" ಎಂದು ಮೆಲ್ಲಗೆ ಕೇಳಿದಳು, "ಎಷ್ಟು ದೊಡ್ಡದು?"

"ಪುಟ್ಟದು ಅತ್ತೆ, ಕೈಯಲ್ಲಿ ಹಿಡಿಯೋವಷ್ಟು." ಅಳಿಯ ನಾಚಿಕೊಂಡೇ ಸೇರಿಸಿದ. "ನಗಬೇಡಿ ಮತ್ತೆ. ಕೆಂಪು ಬಣ್ಣದ್ದು ಅನ್ಸುತ್ತೆ."

"ಕೆಂಪೇ" ಎಂದಳು ಮೂಗತ್ತೆ. ಅಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತ್ತು.